ಊರು ಬಿಟ್ಟವರ ಮಕ್ಕಳೂ ಪೋಲೀಸು ನೌಕರಿಯೂ

(ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಇಚಲಕರಂಜಿಯ ಮಗ್ಗಗಳಿಗೂ ಸೊಲ್ಲಾಪುರದ ಚಾದರದ ಕಾರಖಾನೆಗಳಿಗೂ ನಮ್ಮ ಕಡೆಯಿಂದ ಸಂಸಾರ ಸಮೇತ ಹೋದವರು ಅನೇಕರಿದ್ದಾರೆ. ಅವರ ಮಕ್ಕಳಲ್ಲಿ ಮೈಕಟ್ಟು ಗಟ್ಟಿ ಇದ್ದವರಿಗೆ ಪೋಲೀಸು ಸೇರಬೇಕೆಂಬ ಆಸೆ. ತಿಂಗಳ ಸಂಬಳ ನಿಶ್ಚಿತ, ಮಾಲಕನ ಮರ್ಜಿ ಕಾಯಬೇಕಾಗಿಲ್ಲ. ಆಸೆಯೇನೂ ತಪ್ಪಲ್ಲ. ಆದರೆ ರಾಜ್ಯದ ಗಡಿ ದಾಟಿದವನಿಗೆ ಈ ದಾರಿಯಲ್ಲಿ ಎಲ್ಲೆಲ್ಲಿ ತಡೆಯುಂಟು ಎಂಬುದನ್ನು ಹೊರಡುವ ಮೊದಲೇ ತಿಳಿದಿರಬೇಕು.

ಪೋಲೀಸು ಎಂಬುದು ಸಂವಿಧಾನದಲ್ಲಿ ರಾಜ್ಯಗಳ ಪಟ್ಟಿಗೆ ಸೇರಿದ ವಿಷಯ. ಆದುದರಿಂದ ಬೆಳಗಾವಿಯ ಕಾನ್‌ಸ್ಟೇಬಲನು ವರ್ಗ ಮಾಡಿಸಿಕೊಂಡು ಕೊಲ್ಲಾಪುರದ ಠಾಣೆಗೆ ಹೋಗುವಂತಿಲ್ಲ. ಇಲ್ಲಿಯದನ್ನು ಬಿಟ್ಟು, ಅಲ್ಲಿ ಹೊಸಬನಂತೆ ಓಡಿ, ಪರೀಕ್ಷೆ ಬರೆದು, ಸಾಲಿನ ಕೊನೆಗೆ ನಿಲ್ಲಬೇಕು. ಐ.ಪಿ.ಎಸ್. ಸಾಹೇಬರು ಬೇರೆ ರಾಜ್ಯದ ಅಖಿಲ ಭಾರತ ಸೇವೆಯವರನ್ನು ಮದುವೆಯಾದರೆ ರಾಜ್ಯ ಬದಲಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಕಾನ್‌ಸ್ಟೇಬಲನಿಗೂ ಹೆಂಡತಿ ಮಕ್ಕಳಿದ್ದಾರೆಂಬುದು ಯಾರಿಗೂ ನೆನಪಾಗಲಿಲ್ಲವೋ ಏನೋ!

1956ರ ನವೆಂಬರ್ 1ರಂದು ಧಾರವಾಡದ ಪೋಲೀಸಿನವನು ಕಾಲು ಕದಲಿಸದೆಯೇ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದನಷ್ಟೆ. ಅಂದು ಅವನ ನೌಕರಿಯ ಷರತ್ತುಗಳನ್ನು ಕೇಂದ್ರದ ಪೂರ್ವಾನುಮತಿಯಿಲ್ಲದೆ ಅವನಿಗೆ ನಷ್ಟವಾಗುವಂತೆ ಬದಲಿಸಕೂಡದೆಂದು ರಾಜ್ಯ ಪುನರ್ವಿಂಗಡಣಾ ಕಾಯದೆಯ 115ನೆಯ ಕಲಮು ರಕ್ಷಣೆ ಕೊಟ್ಟಿತು. ಗಡಿ ಸರಿದರೆ ರಕ್ಷಣೆ. ಹೊಟ್ಟೆಪಾಡಿಗಾಗಿ ಮನುಷ್ಯ ಸರಿದರೆ ಅದಿಲ್ಲ.

ಹಾಗಾದರೆ ಹೊರಗಿನವನೆಂದು ಅರ್ಜಿಯನ್ನೇ ತಳ್ಳಬಹುದೇ? ವಾಸಸ್ಥಳದ ಕಾರಣದಿಂದ ಸರ್ಕಾರಿ ನೌಕರಿ ನಿರಾಕರಿಸಕೂಡದೆಂದು 16ನೆಯ ವಿಧಿ ಹೇಳುತ್ತದೆ. ಅಂಥ ನಿರ್ಬಂಧ ಹಾಕುವ ಅಧಿಕಾರ ಪಾರ್ಲಿಮೆಂಟಿಗೆ ಮಾತ್ರ. 1957ರ ಕಾಯದೆಯ ಬಲದಿಂದ ತೆಲಂಗಾಣದಲ್ಲಿ ಹಾಕಿದ್ದ ವಾಸದ ಕಟ್ಟಳೆಯನ್ನು ಸುಪ್ರೀಂ ಕೋರ್ಟು 1969ರಲ್ಲಿ ರದ್ದುಪಡಿಸಿತು. ಇಷ್ಟಾದರೂ ಭಾಷೆಯ ಬಾಗಿಲೊಂದು ಉಳಿದೇ ಇದೆ. ಮಹಾರಾಷ್ಟ್ರದ ಸಿಪಾಯಿ ಭರ್ತಿಯ ಪರೀಕ್ಷೆ ಮರಾಠಿಯಲ್ಲಿ ನಡೆಯುತ್ತದೆ. ಇದನ್ನು ಅನ್ಯಾಯವೆಂದು ನಾನು ಹೇಳಲಾರೆ. ಫಿರ್ಯಾದು ತಂದ ಮುದುಕಿಯ ಮಾತು ತಿಳಿಯದ ಪೋಲೀಸಿನಿಂದ ಯಾರಿಗೇನು ಉಪಯೋಗ?

ನಿಜವಾದ ಪೆಟ್ಟು ಬೀಳುವುದು ಮೀಸಲಾತಿಯಲ್ಲಿ. ಒಂದು ರಾಜ್ಯದಲ್ಲಿ ಪರಿಶಿಷ್ಟ ಜಾತಿಯವನಾದವನು ಇನ್ನೊಂದು ರಾಜ್ಯಕ್ಕೆ ಹೋದರೆ, ಅಲ್ಲಿಯ ರಾಜ್ಯ ಸರ್ಕಾರದ ನೌಕರಿಯಲ್ಲಿ ಆ ಸೌಲಭ್ಯ ಕೇಳುವಂತಿಲ್ಲವೆಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಪಟ್ಟಿಗಳೂ ರಾಜ್ಯದಿಂದ ರಾಜ್ಯಕ್ಕೆ ಬೇರೆ: ಉತ್ತರ ಪ್ರದೇಶದ ಧೋಬಿ ಪರಿಶಿಷ್ಟ, ನಮ್ಮ ಮಡಿವಾಳ ಹಿಂದುಳಿದ ವರ್ಗ. ಅಂದರೆ ಬಡತನವೂ ಅಸ್ಪೃಶ್ಯತೆಯೂ ರೈಲು ಹತ್ತಿ ಜೊತೆಗೇ ಬರುತ್ತವೆ, ಅದಕ್ಕೆ ಕೊಟ್ಟ ಪರಿಹಾರ ಮಾತ್ರ ಗಡಿಯಲ್ಲೇ ಇಳಿದುಬಿಡುತ್ತದೆ.

ಇಂಥ ಹುಡುಗರಿಗೆ ಕೇಂದ್ರದ ಪಡೆಗಳು ಹೆಚ್ಚು ಅನುಕೂಲ. ಸಿ.ಆರ್.ಪಿ.ಎಫ್., ಬಿ.ಎಸ್.ಎಫ್. ಮೊದಲಾದವುಗಳ ಕಾನ್‌ಸ್ಟೇಬಲ್ ಪರೀಕ್ಷೆಯನ್ನು 2024ರಿಂದ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆಯಬಹುದು. ಮೆಟ್ರಿಕ್ ಪಾಸಾಗಿರಬೇಕು. ವಯಸ್ಸು 18ರಿಂದ 23, ಮೀಸಲಾತಿಯವರಿಗೆ ಸಡಿಲಿಕೆಯುಂಟು. ಸಾಮಾನ್ಯವಾಗಿ ಗಂಡಸರ ಎತ್ತರ 170 ಸೆಂಟಿಮೀಟರು, ಹೆಂಗಸರದು 157. ಗಂಡಸರು 5 ಕಿಲೋಮೀಟರನ್ನು 24 ನಿಮಿಷದಲ್ಲಿ ಓಡಬೇಕು. ಹತ್ತಿಯ ಧೂಳು ಕುಡಿದ ಎದೆಗೆ ಇದು ಸುಲಭವಲ್ಲ. ಆರು ತಿಂಗಳ ಅಭ್ಯಾಸವಾದರೂ ಬೇಕು.

ಇಲ್ಲಿಯೂ ಒಂದು ಕೊಂಡಿಯಿದೆ. ಹುದ್ದೆಗಳನ್ನು ರಾಜ್ಯವಾರು ಹಂಚುತ್ತಾರೆ, ನೀನು ಯಾವ ರಾಜ್ಯದ ನಿವಾಸಿಯೆಂದು ಪ್ರಮಾಣಪತ್ರ ಕೇಳುತ್ತಾರೆ. ಅರ್ಜಿಯಲ್ಲಿ ಒಂದು ರಾಜ್ಯ ಬರೆದು ಇನ್ನೊಂದರ ಪತ್ರ ತೋರಿಸಿದರೆ, ಓಟದಲ್ಲಿ ಗೆದ್ದವನೂ ಮನೆಗೆ ಹಿಂದಿರುಗಬೇಕಾಗುತ್ತದೆ. ಆದುದರಿಂದ ಯಾವ ರಾಜ್ಯದ ನಿವಾಸಿಯೆಂದು ಹೇಳಿಕೊಳ್ಳಬೇಕೆಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ಊರು ಬಿಡುವವರು ಶಾಲೆಯ ದಾಖಲೆಯನ್ನು ಶಾಲೆಯಿಂದಲೂ, ತಂದೆಯ ಜಾತಿ ಪತ್ರ, ವಾಸದ ಪತ್ರ ಇವನ್ನು ತಹಸೀಲ ಕಚೇರಿಯಿಂದಲೂ ಪಡೆದೇ ಹೊರಡಿ. ಈಗಾಗಲೇ ಹೋದವರ ಮಕ್ಕಳಿಗೆ ದೀಪಾವಳಿ ರಜೆಯೇ ಸಮಯ. ಹುಡುಗನಿಗೆ 22 ದಾಟಿದ್ದರೆ ಅಷ್ಟು ದಿನವೂ ಕಾಯಬೇಡಿ.