ಡಬಲ್ ಡೆಕರ್ ರೈಲಲ್ಲಿ ಸೀಟು ಯಾಕೆ ಡಬಲ್ ಆಗಲ್ಲ?

ಬೆಂಗಳೂರು–ಚೆನ್ನೈ ಡಬಲ್ ಡೆಕರ್‌ನಲ್ಲಿ ಕೆಳಗಿನ ಅಂತಸ್ತಿನ ಕಿಟಕಿ ಪಕ್ಕ ಕೂತವರು ಒಂದು ವಿಷಯ ಗಮನಿಸಿರ್ತೀರಿ. ಸ್ಟೇಷನ್ ಬಂದಾಗ ಹೊರಗೆ ಜನರ ಮುಖಕ್ಕಿಂತ ಮೊದಲು ಕಾಣೋದು ಕಾಲು, ಚೀಲ, ಸೂಟ್‌ಕೇಸು. ಮೊದಲ ಸಲ ನನಗೆ ನಗು ಬಂದಿತ್ತು. ಆಮೇಲೆ ಗೊತ್ತಾಯ್ತು, ಈ ರೈಲಿನ ಇಡೀ ಕಷ್ಟ ಆ ಕಿಟಕಿಯಲ್ಲೇ ಇದೆ ಅಂತ.

ರೈಲು ಓಡುವ ದಾರಿಗೆ ಕಣ್ಣಿಗೆ ಕಾಣದ ಒಂದು ಚೌಕಟ್ಟು ಇರುತ್ತದೆ. ಸೇತುವೆ, ಸುರಂಗ, ವಿದ್ಯುತ್ ತಂತಿ, ಪ್ಲಾಟ್‌ಫಾರ್ಮ್ ಯಾವುದಕ್ಕೂ ತಗುಲದಂತೆ ಕೋಚು ಇಷ್ಟೇ ಎತ್ತರ, ಇಷ್ಟೇ ಅಗಲ ಇರಬೇಕು ಅನ್ನುವ ಅಳತೆ ಅದು. ಇದಕ್ಕೆ ಲೋಡಿಂಗ್ ಗೇಜ್ ಅಂತಾರೆ.

ನಮ್ಮ ಎಲ್‌ಎಚ್‌ಬಿ ಕೋಚಿನ ಎತ್ತರ ಸುಮಾರು 4.04 ಮೀಟರ್. ಡಬಲ್ ಡೆಕರ್‌ದು ಸುಮಾರು 4.36. ಅಂದ್ರೆ ಒಂದಡಿ ಮಾತ್ರ ಜಾಸ್ತಿ! ಒಂದಡಿಯಲ್ಲಿ ಇನ್ನೊಂದು ಅಂತಸ್ತು ಹೇಗೆ ಬಂತು? ನೆಲವನ್ನೇ ಕೆಳಗಿಳಿಸಿದ್ರು. ಆದರೆ ಗಾಲಿಗಳ ಮೇಲೆ ಇಳಿಸೋಕಾಗಲ್ಲ, ಮಧ್ಯದಲ್ಲಿ ಮಾತ್ರ ಸಾಧ್ಯ. ಇಳಿಸಿದ ಭಾಗ ಪ್ಲಾಟ್‌ಫಾರ್ಮ್ ಅಂಚಿಗಿಂತ ಕೆಳಗೆ ಬರುವುದರಿಂದ ಕೋಚನ್ನು ಕಿರಿದೂ ಮಾಡಬೇಕಾಯ್ತು. 3.24 ಮೀಟರ್ ಅಗಲ 3.05ಕ್ಕೆ ಇಳಿಯಿತು. ಹೀಗಿದ್ದೂ 2011ರಲ್ಲಿ ಹೌರಾ–ಧನ್‌ಬಾದ್ ಮಾರ್ಗದ ಪ್ರಾಯೋಗಿಕ ಓಟದಲ್ಲಿ ಕೋಚು ಪ್ಲಾಟ್‌ಫಾರ್ಮ್ ಅಂಚಿಗೆ ಉಜ್ಜಿತ್ತು.

ಹಳಿ ಅಗಲವಿದ್ದರೆ ಸಾಕು ಅಂತ ತಿಳಿಯಬೇಡಿ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್, ಅಮೆರಿಕದ ಹಳಿ 1435 ಮಾತ್ರ. ಆದರೂ ಅಲ್ಲಿನ ಸೂಪರ್‌ಲೈನರ್ ಕೋಚು 4.9 ಮೀಟರ್ ಎತ್ತರ! ಯಾಕಂದ್ರೆ ಅದು ಓಡುವ ದಾರಿಗಳಲ್ಲಿ ಚೌಕಟ್ಟು ದೊಡ್ಡದು, ಪ್ಲಾಟ್‌ಫಾರ್ಮ್ ತಗ್ಗು.

ಇಷ್ಟೆಲ್ಲ ಮಾಡಿ ನಮಗೆ ಸಿಕ್ಕಿದ್ದೇನು? ಎಸಿ ಚೇರ್ ಕಾರ್‌ನಲ್ಲಿ 78 ಸೀಟು, ಡಬಲ್ ಡೆಕರ್‌ನಲ್ಲಿ 120. ಎರಡು ಪಟ್ಟಲ್ಲ, ಒಂದೂವರೆ ಪಟ್ಟು. ಉಳಿದ ಜಾಗವನ್ನು ಮೆಟ್ಟಿಲು, ಗಾಲಿಯ ಭಾಗ ನುಂಗಿಬಿಟ್ಟವು. ಮೇಲೆ ಕೂತವರಿಗೆ ತಲೆ ತಗುಲುತ್ತೆ, ಲಗೇಜಿಗೆ ಜಾಗ ಸಾಲಲ್ಲ. ಆ 120 ಜನ ಇಳಿಯೋದೂ ಎರಡು ತುದಿಯ ಬಾಗಿಲುಗಳಿಂದಲೇ.

"ಬೆಂಗಳೂರಿನ ಲೋಕಲ್ ರೈಲುಗಳನ್ನೂ ಡಬಲ್ ಡೆಕರ್ ಮಾಡಿ" ಅನ್ನುವವರಿಗೆ ನನ್ನ ಉತ್ತರ ಇಲ್ಲೇ ಇದೆ. ಎರಡೇ ನಿಮಿಷ ನಿಲ್ಲುವ ಸ್ಟೇಷನ್ನಿನಲ್ಲಿ ಬೇಕಾಗೋದು ಇನ್ನೊಂದು ಅಂತಸ್ತಲ್ಲ, ಅಗಲವಾದ, ಹೆಚ್ಚು ಬಾಗಿಲುಗಳು. ನಿಲ್ದಾಣ ಕಡಿಮೆ ಇರುವ ಹಗಲಿನ ದೂರ ಪ್ರಯಾಣಕ್ಕೆ ಡಬಲ್ ಡೆಕರ್ ಸರಿ. ದಿನಾ ಆಫೀಸಿಗೆ ಹೋಗುವವರಿಗೆ ಬೇಕಾದದ್ದು ಸಲೀಸಾಗಿ ಹತ್ತಿ ಇಳಿಯುವ ರೈಲು.

ಮತ್ತೆ ಸಿಗೋಣ.