ಕಾಣದ ನೋವಿಗೆ ಮಾತೇ ಸಾಕ್ಷಿ

ಕೈ ಮುರಿದವನ ಪರವಾಗಿ ಎಕ್ಸ್-ರೇ ಚಿತ್ರ ಸಾಕ್ಷಿ ಹೇಳುತ್ತದೆ. ಜ್ವರ ಬಂದವನ ಪರವಾಗಿ ಥರ್ಮಾಮೀಟರು ಹೇಳುತ್ತದೆ. ಆದರೆ ಮೈಯೆಲ್ಲ ನೋಯುತ್ತಿದ್ದರೂ ಯಾವ ಯಂತ್ರವೂ ಬಂದು ಸಾಕ್ಷಿ ನುಡಿಯದ ಕಾಯಿಲೆಯೊಂದುಂಟು. ಅದರ ಹೆಸರು ಫೈಬ್ರೊಮಯಾಲ್ಜಿಯ. ಈ ಕಾಯಿಲೆಯ ಶಂಕೆಯಿಂದ ತಜ್ಞವೈದ್ಯರನ್ನು ಕಾಣಲು ಹೊರಟವರು ಮನೆಯಲ್ಲಿ ಏನೇನು ಸಿದ್ಧತೆ ಮಾಡಿಕೊಳ್ಳಬೇಕೆಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ನಾನು ವೈದ್ಯನಲ್ಲ, ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವನು. ಆದರೂ ಈ ವಿಷಯವನ್ನು ಎತ್ತಿಕೊಂಡುದಕ್ಕೆ ನಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗವೇ ಕಾರಣ.

ಹೆಸರಿನಿಂದಲೇ ಆರಂಭಿಸೋಣ. ಲ್ಯಾಟಿನ್ನಿನ ‘ನಾರು’, ಗ್ರೀಕಿನ ‘ಸ್ನಾಯು’ ಮತ್ತು ‘ನೋವು’ ಎಂಬ ಮೂರು ಪದಗಳು ಕೂಡಿ ಆದ ಸಮಾಸವಿದು. 1904ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗವರ್ಸ್ ಇಂಥ ನೋವಿಗೆ ‘ಫೈಬ್ರೊಸೈಟಿಸ್’ ಎಂದು ಹೆಸರಿಟ್ಟರು. ನಾರಿನ ಉರಿಯೂತವೆಂದು ಅದರ ಅರ್ಥ. ಆದರೆ ಹುಡುಕಿದರೆ ಉರಿಯೂತವೇ ಕಾಣಲಿಲ್ಲ. 1976ರಲ್ಲಿ ಅಮೆರಿಕದ ವೈದ್ಯ ಫಿಲಿಪ್ ಹೆಂಚ್ ಈಗಿನ ಹೆಸರನ್ನು ಬಳಕೆಗೆ ತಂದರು. ನೋವಿನ ಸುದ್ದಿಯನ್ನು ಗ್ರಹಿಸುವ ನರಮಂಡಲವೂ ಮಿದುಳೂ ಸಣ್ಣ ಸುದ್ದಿಯನ್ನೇ ದೊಡ್ಡದಾಗಿ ಕೇಳಿಸಿಕೊಳ್ಳುತ್ತವೆಯೆಂದು ಇಂದಿನ ತಿಳಿವಳಿಕೆ. ರೇಡಿಯೋದ ಧ್ವನಿಯ ತಿರುಪನ್ನು ಯಾರೋ ಪೂರ್ತಿ ತಿರುಗಿಸಿಟ್ಟ ಹಾಗೆ. ಸುದ್ದಿ ಸುಳ್ಳಲ್ಲ, ಧ್ವನಿ ಮಾತ್ರ ಅಬ್ಬರದ್ದು. ಹೆಂಗಸರಲ್ಲಿ ಇದು ಹೆಚ್ಚು, ಗಂಡಸರಿಗೂ ಬರುವುದುಂಟು.

ಇನ್ನು ನಮ್ಮ ಮನೆಯ ಪ್ರಸಂಗ. ನನ್ನ ಮನೆಯವರಿಗೆ ಬಹಳ ಕಾಲದಿಂದ ಮೈಕೈ ನೋವು. ಒಂದು ತಿಂಗಳು ಕಾದು, ಕೀಲು ಮತ್ತು ಸ್ನಾಯುಗಳ ರೋಗದ ತಜ್ಞರನ್ನು, ಎಂದರೆ ರುಮಟಾಲಜಿಸ್ಟರನ್ನು ಕಂಡೆವು. “ಏನಮ್ಮ ತೊಂದರೆ?” ಎಂದರು ಡಾಕ್ಟರು. “ಮೈಕೈ ನೋವು ಡಾಕ್ಟ್ರೇ.” “ಎಲ್ಲಿ?” “ಎಲ್ಲಾ ಕಡೆ.” “ಎಷ್ಟು ದಿವಸದಿಂದ?” ಇದಕ್ಕೆ ಉತ್ತರ ಕೊಟ್ಟವನು ನಾನು: “ಒಂದಾರು ತಿಂಗಳಿರಬಹುದು.” “ನಿದ್ದೆ ಹೇಗೆ?” ಅದಕ್ಕೂ ನಾನೇ: “ನಿದ್ದೆಗೇನೂ ತೊಂದರೆಯಿಲ್ಲ.” ಹತ್ತು ನಿಮಿಷದಲ್ಲಿ ಹೊರಗೆ ಬಂದೆವು.

ಬಸ್ಸಿನಲ್ಲಿ ಬಹಳ ಹೊತ್ತು ಸುಮ್ಮನಿದ್ದು ಆಕೆ ಹೇಳಿದಳು: “ಆರು ತಿಂಗಳಲ್ಲ, ನಾಲ್ಕು ವರ್ಷ ಆಯ್ತು. ರಾತ್ರಿ ಎರಡು ಗಂಟೆಗೆ ನಾನು ಅಡಿಗೆಮನೇಲಿ ಒಬ್ಬಳೇ ಕೂತಿರ್ತೀನಿ. ನಿಮಗೆ ಹೇಗೆ ಗೊತ್ತಾಗಬೇಕು? ನೀವು ಗೊರಕೆ ಹೊಡೀತಿರ್ತೀರಿ.”

ಹುಡುಗರ ಪ್ರಬಂಧಗಳಲ್ಲಿ ‘ವಿವರ ಸಾಲದು’ ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತ ಬಂದವನು ನಾನು. ಆ ದಿನದ ನನ್ನ ಉತ್ತರಕ್ಕೆ ಎಷ್ಟು ಅಂಕ ಕೊಡಬೇಕು, ತಾವೇ ಹೇಳಿ. ವೈದ್ಯರದು ತಪ್ಪಲ್ಲ, ನಾವು ಕೊಟ್ಟ ಸಾಕ್ಷ್ಯವೇ ತಪ್ಪು.

ಈ ಕಾಯಿಲೆಯಲ್ಲಿ ಮಾತಿಗೆ ಎಷ್ಟು ಬೆಲೆಯಿದೆಯೆಂಬುದು ಆಮೇಲೆ ತಿಳಿಯಿತು. ಅಮೆರಿಕದ ರುಮಟಾಲಜಿ ತಜ್ಞರ ಸಂಸ್ಥೆ 1990ರಲ್ಲಿ ಒಂದು ಲಕ್ಷಣವಿಧಿಯನ್ನು ಹೇಳಿತ್ತು. ಮೈಮೇಲೆ ಗೊತ್ತುಪಡಿಸಿದ 18 ಸ್ಥಳಗಳನ್ನು ವೈದ್ಯರು ಬೆರಳಿನಿಂದ ಒತ್ತುವುದು; 11 ಕಡೆಯಾದರೂ ನೋಯಬೇಕು. 2010ರಲ್ಲಿ ಅದೇ ಸಂಸ್ಥೆ ಹೊಸ ವಿಧಿಯನ್ನು ತಂದಿತು. ಅದರಲ್ಲಿ ಒತ್ತಿ ನೋಡುವುದು ಕಡ್ಡಾಯವಲ್ಲ. ಕಳೆದ ವಾರ ದೇಹದ 19 ಭಾಗಗಳಲ್ಲಿ ಎಲ್ಲೆಲ್ಲಿ ನೋವಿತ್ತು, ಆಯಾಸವೆಷ್ಟು, ನಿದ್ರೆಯಿಂದ ಎದ್ದಾಗ ಮೈ ಹಗುರವಾಗಿತ್ತೆ, ಮರೆವು ಮಂಕುತನಗಳಿವೆಯೆ ಎಂದು ರೋಗಿಯನ್ನೇ ಕೇಳಿ ಲೆಕ್ಕ ಹಾಕುವುದು. ಈ ತೊಂದರೆ ಮೂರು ತಿಂಗಳಾದರೂ ನಡೆದು ಬಂದಿರಬೇಕು. ಎಂದರೆ, ರೋಗಿಯ ಮಾತನ್ನು ವೈದ್ಯಶಾಸ್ತ್ರವೇ ಸಾಕ್ಷಿಯಾಗಿ ಅಂಗೀಕರಿಸಿದೆ. ಆದುದರಿಂದ ಸಾಕ್ಷಿ ಸಿದ್ಧವಾಗಿ ಹೋಗಬೇಕು.

ಎರಡನೆಯ ಸಲ ಹೋಗುವುದಕ್ಕೆ ಮುಂಚೆ ನಾವು ಮಾಡಿದುದು ಇಷ್ಟು. ಒಂದು ಹಾಳೆಯಲ್ಲಿ ಮನುಷ್ಯಾಕೃತಿಯನ್ನು ಮುಂದಿನಿಂದ ಒಂದು, ಹಿಂದಿನಿಂದ ಒಂದು ಬರೆದು, ನೋವಿರುವ ಜಾಗಗಳಿಗೆ ಆಕೆಯಿಂದಲೇ ಗುರುತು ಹಾಕಿಸಿದೆ. ಎರಡು ವಾರ, ಬೆಳಗ್ಗೆ ಮತ್ತು ರಾತ್ರಿ, ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ. ಪಕ್ಕದಲ್ಲಿ ಎಷ್ಟು ಸಲ ಎಚ್ಚರವಾಯಿತು, ಹಗಲು ಯಾವ ಕೆಲಸ ಮಾಡಲಾಗಲಿಲ್ಲ ಎಂದು ಒಂದು ಸಾಲು. ‘ಬಹಳ ನೋವು’ ಎಂಬುದಕ್ಕಿಂತ ‘ಚಪಾತಿ ಹಿಟ್ಟು ನಾದಲಾಗಲಿಲ್ಲ, ಒದ್ದೆ ಸೀರೆ ಹಿಂಡಲಾಗಲಿಲ್ಲ’ ಎಂಬ ಮಾತು ವೈದ್ಯರಿಗೆ ಹೆಚ್ಚು ತಿಳಿಸುತ್ತದೆ.

ನೋವಿನ ಬಗೆಯನ್ನೂ ಹೇಳಬೇಕು. ಈ ವಿಷಯದಲ್ಲಿ ನಮ್ಮ ಕನ್ನಡಕ್ಕೆ ಬಡತನವಿಲ್ಲ. ಉರಿ ಬೇರೆ, ಸೆಳೆತ ಬೇರೆ. ಚುಚ್ಚುವುದು ಬೇರೆ, ಹಿಂಡುವುದು ಬೇರೆ. ಜೋಮು ಹಿಡಿಯುವುದೇ ಬೇರೆ. ‘ಮೈಕೈ ನೋವು’ ಎಂಬ ಒಂದೇ ಕಂಬಳಿಯ ಕೆಳಗೆ ಇವೆಲ್ಲ ಅಡಗಿಬಿಡುತ್ತವೆ. ಬಳೆ ಒತ್ತಿದರೂ ನೋಯುವುದಾದರೆ ಅದೂ ಹೇಳತಕ್ಕ ಮಾತೇ. ತಲೆನೋವು, ಹೊಟ್ಟೆಯ ತೊಂದರೆ ಇದ್ದರೆ ಬಿಡಬಾರದು.

ನುಂಗುತ್ತಿರುವ ಔಷಧಗಳೆಲ್ಲವನ್ನೂ ಪಟ್ಟಿ ಮಾಡಿ. ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆ, ಮನೆಯ ಕಷಾಯ, ನಾಟಿ ಔಷಧ, ಯಾವುದನ್ನೂ ಮರೆಮಾಚಬೇಡಿ. ಹೋಗುವ ಮುನ್ನ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಲೂ ಬೇಡಿ. ಹಳೆಯ ರಕ್ತಪರೀಕ್ಷೆಗಳ ವರದಿಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ. ಥೈರಾಯ್ಡ್ ದೋಷ, ರಕ್ತಹೀನತೆ, ವಿಟಮಿನ್ ಡಿ ಕೊರತೆ, ಸಂಧಿವಾತ ಇವುಗಳೂ ಮೈನೋವನ್ನೋ ಆಯಾಸವನ್ನೋ ತರಬಲ್ಲವು. ಅವುಗಳನ್ನು ಶೋಧಿಸಲೆಂದೇ ಪರೀಕ್ಷೆಗಳು. ಕೀಲು ಊದುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ಮೊದಲು ಅದನ್ನೇ ಹೇಳಬೇಕು; ಅವು ಬೇರೆ ರೋಗದ ಸೂಚನೆಯಾಗಿರಬಹುದು. ಕೊನೆಗೆ, ಕೇಳಬೇಕಾದ ಮೂರೇ ಪ್ರಶ್ನೆಗಳನ್ನು ಬರೆದುಕೊಳ್ಳಿ. ಇಲ್ಲದಿದ್ದರೆ ಅವು ನೆನಪಾಗುವುದು ಮೆಟ್ಟಿಲಿಳಿದ ಮೇಲೆ.

ಜೊತೆಗೆ ಹೋಗುವವರಿಗೆ ಒಂದು ವಿಜ್ಞಾಪನೆ. ಹೋಗಿ, ಆದರೆ ಉತ್ತರ ಕೊಡಬೇಡಿ. ಎರಡನೆಯ ಸಲವೂ ನಾನು ಬಾಯಿ ತೆರೆದೆ. ಡಾಕ್ಟರು ನಕ್ಕು, “ಮೇಷ್ಟ್ರೇ, ತಾವು ಸ್ವಲ್ಪ ಸುಮ್ಮನಿರಿ, ಅಮ್ಮನವರೇ ಹೇಳಲಿ” ಎಂದರು. ಆಕೆ ಹಾಳೆಯನ್ನು ಮುಂದಿಟ್ಟುಕೊಂಡು ಒಂದೊಂದಾಗಿ ಹೇಳಿದಳು. ನಾನು ಕೇಳಿದೆ. ನಾಲ್ಕು ವರ್ಷಗಳಲ್ಲಿ ಪೂರ್ತಿಯಾಗಿ ಕೇಳಿದುದು ಅದೇ ಮೊದಲು.

ಪರೀಕ್ಷೆ ಮುಗಿದ ಮೇಲೆ ವೈದ್ಯರು ರೋಗಕ್ಕೆ ಹೆಸರು ಹೇಳಿದರು. ಬೇರಿನಿಂದ ಕಿತ್ತುಹಾಕುವ ಮದ್ದು ಇದಕ್ಕಿಲ್ಲ, ಹದ್ದಿನಲ್ಲಿಡುವ ಮಾರ್ಗವಿದೆ. ದಿನವೂ ಸ್ವಲ್ಪ ನಡೆದು ಮೆಲ್ಲನೆ ಹೆಚ್ಚಿಸುವುದು, ನಿದ್ರೆಗೆ ಹೊತ್ತು ಗೊತ್ತುಮಾಡುವುದು ಇವೇ ಚಿಕಿತ್ಸೆಯ ಮುಖ್ಯ ಅಂಗಗಳು. ಕೆಲವರಿಗೆ ಔಷಧವನ್ನೂ ಕೊಡುತ್ತಾರೆ. ಅವುಗಳಲ್ಲಿ ಕೆಲವು ಖಿನ್ನತೆಗೂ ಬಳಕೆಯಾಗುವಂಥವು. ಅದನ್ನು ಕಂಡು ‘ನನಗೆ ಹುಚ್ಚೆಂದು ತಿಳಿದರೆ?’ ಎಂದು ಕುಗ್ಗಬೇಕಾದುದಿಲ್ಲ; ನೋವಿನ ಆ ತಿರುಪನ್ನು ತಗ್ಗಿಸಲೆಂದು ಕೊಟ್ಟದ್ದದು.

ನನ್ನ ಮನೆಯವರ ನೋವು ಇಲ್ಲವಾಗಿಲ್ಲ. ಆದರೆ ಮರಳಿ ಬರುವಾಗ ಬಸ್ಸಿನಲ್ಲಿ ಆಕೆ ಅಂದದ್ದು ಇಷ್ಟೇ: “ಸದ್ಯ, ಸುಳ್ಳು ಅನ್ನಲಿಲ್ಲವಲ್ಲ.” ತಮ್ಮ ಮನೆಯಲ್ಲಿಯೂ ಯಾರಾದರೂ ‘ಮೈಕೈ ನೋವು’ ಎನ್ನುತ್ತಿದ್ದರೆ, ವೈದ್ಯರ ಬಳಿಗೆ ಹೊರಡುವ ಮುನ್ನ ಒಂದು ಹಾಳೆಯನ್ನೂ ಪೆನ್ಸಿಲನ್ನೂ ಅವರ ಕೈಗೆ ಕೊಟ್ಟು, ಪಕ್ಕದಲ್ಲಿ ಕುಳಿತು ಕೇಳಿ.