ಕಾರ್ಖಾನೆಗೆ ಇವತ್ತು ರಜೆ: ಮರೆಗುಳಿತನದ ಆರೈಕೆಯಲ್ಲಿ ಸತ್ಯದ ಪ್ರಶ್ನೆ

ದಾವಣಗೆರೆ ಮತ್ತು ಹರಿಹರದ ವೈದ್ಯರು, ಶುಶ್ರೂಷಕಿಯರು, ಆಶಾ ಕಾರ್ಯಕರ್ತೆಯರು ಹಾಗೂ ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುತ್ತಿರುವವರು ಒಂದೆಡೆ ಸೇರಿರುವ ಈ ವಿಚಾರ ಸಂಕಿರಣದ ವಿಷಯ ಮರೆಗುಳಿತನ, ಅಂದರೆ ಡಿಮೆನ್ಷಿಯಾ. ಡಿಮೆನ್ಷಿಯಾ ಎಂದರೆ ಮಿದುಳಿನ ಕಾಯಿಲೆಯಿಂದ ನೆನಪು, ಮಾತು, ವಿವೇಚನೆ ಮತ್ತು ನಿತ್ಯದ ಕೆಲಸಗಳ ಸಾಮರ್ಥ್ಯ ಕುಂದುವ ಸ್ಥಿತಿ. ಕನ್ನಡದ ಮನೆಗಳು ಇದನ್ನು ಅರಳು ಮರಳು ಎಂದು ಕರೆಯುತ್ತ ಬಂದಿದ್ದು, ಆ ಮಾತಿನಲ್ಲಿ ಹಿರಿಯರನ್ನು ಸಹಿಸಿಕೊಳ್ಳುವ ಔದಾರ್ಯವಿದ್ದರೂ, ಇದು ವಯಸ್ಸಿನ ಸಹಜ ಗುಣವೆಂಬ ತಪ್ಪು ನಂಬಿಕೆಯೂ ಅದರೊಳಗೇ ಇದೆ.

60 ದಾಟಿದ ಭಾರತೀಯರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ ಈ ಸ್ಥಿತಿಯಲ್ಲಿದ್ದಾರೆಂಬ 2023ರ ಅಂದಾಜಾಗಲಿ, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಇದೇ ಕುರಿತು ನಡೆಯುತ್ತಿರುವ ದೀರ್ಘಕಾಲದ ಅಧ್ಯಯನವಾಗಲಿ, ಬೆಂಗಳೂರಿನ ನಿಮ್ಹಾನ್ಸ್‌ನ ಕೆಲಸವಾಗಲಿ ಈ ಸಭೆಗೆ ಹೊಸದಲ್ಲ. ಆದರೆ ಮರೆವನ್ನು ಅಳೆಯುವುದರಲ್ಲಿ ಇಷ್ಟು ನಿಪುಣವಾದ ಈ ಕ್ಷೇತ್ರವು, ಮರೆತವರಿಗೆ ಏನೆಂದು ಉತ್ತರ ಕೊಡಬೇಕೆಂಬ ಪ್ರಶ್ನೆಯನ್ನು ಸೊಸೆಯಂದಿರ ಮತ್ತು ಹೆಣ್ಣುಮಕ್ಕಳ ಪಾಲಿಗೆ ಬಿಟ್ಟು ಕೈತೊಳೆದುಕೊಂಡಿತು. ದಾರಿ ತಪ್ಪಿದ್ದು ಅಲ್ಲಿಯೇ.

ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಮೇಲೆ ದುಡಿದ ಹಿರಿಯರೊಬ್ಬರನ್ನು ನೆನೆಯಬಹುದು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷಗಳಾಗಿದ್ದರೂ ಅವರು ನಸುಕಿನಲ್ಲೆದ್ದು, ಪಾಳಿಗೆ ಹೊತ್ತಾಯಿತೆಂದು ಬಾಗಿಲ ಚಿಲಕಕ್ಕೆ ಕೈಹಾಕುತ್ತಾರೆ. ಕಾರ್ಖಾನೆ ಮುಚ್ಚಿತೆಂದು ಮಗ ಹೇಳಿದಾಗಲೆಲ್ಲ ಆ ಸುದ್ದಿಯನ್ನು ಮೊದಲ ಸಲ ಕೇಳಿದವರಂತೆ ಕುಸಿಯುತ್ತಾರೆ. ಸೊಸೆ ಮಾತ್ರ, "ಇವತ್ತು ಫ್ಯಾಕ್ಟ್ರಿ ರಜೆ ಐತ್ರಿ ಮಾವಾರೆ, ತಿಂಡಿ ತಿನ್ನಿ ಬರ್ರಿ" ಎಂದಾಗ ಬಂದು ಕೂರುತ್ತಾರೆ.

ಸೊಸೆಯ ಮಾತು ಸುಳ್ಳೇ? ಬ್ರಿಟನ್ನಿನ ಟಾಮ್ ಕಿಟ್‌ವುಡ್ ಡಿಮೆನ್ಷಿಯಾ ಆರೈಕೆಯ ಕುರಿತ 1997ರ ತಮ್ಮ ಗ್ರಂಥದಲ್ಲಿ, ರೋಗಿಯನ್ನು ವಂಚಿಸಿ ಒಪ್ಪಿಸುವುದು ಅವರ ವ್ಯಕ್ತಿತ್ವವನ್ನೇ ಸವೆಸುವ ನಡವಳಿಕೆಗಳಲ್ಲೊಂದೆಂದರು. ಇಂಥ ಹಿರಿಯರ ನಡುವೆ ದುಡಿದ ಅಮೆರಿಕದ ನವೋಮಿ ಫೈಲ್, ತಿದ್ದುವುದನ್ನೂ ಸುಳ್ಳಾಡುವುದನ್ನೂ ಬಿಟ್ಟು, ಮಾತಿನ ಹಿಂದಿನ ಭಾವಕ್ಕೆ ಓಗೊಡಬೇಕೆಂದರು. ಅಂದರೆ ಲೇತ್ ಕೆಲಸ ಹೇಗಿತ್ತೆಂದು ಕೇಳುತ್ತ ಜೊತೆಗೆ ಕೂರಬೇಕು. ಸೊಗಸಾದ ಸಲಹೆಯೇ ಹೌದು, ಆದರೆ ಒಲೆಯ ಮೇಲೆ ಹಾಲಿಟ್ಟು, ಮಕ್ಕಳನ್ನು ಶಾಲೆಗೆ ಸಿದ್ಧಗೊಳಿಸುತ್ತಿರುವವಳಿಗೆ ಅಷ್ಟು ಪುರುಸೊತ್ತನ್ನು ಯಾರು ಕೊಡಬೇಕು?

ಪ್ರಶ್ನೆಯ ಕಷ್ಟದ ಮುಖ ಮುಂದಿದೆ. ಇವತ್ತು ದುಃಖ ತಪ್ಪಿಸಲು ಆಡಿದ ಸುಳ್ಳು, ನಾಳೆ ಅನ್ನದಲ್ಲಿ ಮಾತ್ರೆ ಬೆರೆಸುವುದಕ್ಕೂ, ನಾಡಿದ್ದು ಹೊಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವುದಕ್ಕೂ ದಾರಿಯಾಗುವ ಅಪಾಯವಿದ್ದು, ಗೆರೆ ಎಲ್ಲಿ ಎಂಬುದಕ್ಕೆ ತೃಪ್ತಿಕರ ಉತ್ತರ ಇನ್ನೂ ದೊರೆತಿಲ್ಲ. ಹಣಕಾಸಿನ ವಿಷಯದಲ್ಲಿ ಮಾತ್ರ ಸಂದೇಹಕ್ಕೆ ಎಡೆಯಿಲ್ಲ: 1872ರ ಭಾರತೀಯ ಕರಾರು ಕಾಯ್ದೆಯ 201ನೇ ಕಲಮಿನಂತೆ, ಅಧಿಕಾರ ಕೊಟ್ಟವರು ಸ್ವಸ್ಥಬುದ್ಧಿ ಕಳೆದುಕೊಂಡರೆ ಪ್ರತಿನಿಧಿಯ ಅಧಿಕಾರವೂ ಮುಗಿಯುವುದರಿಂದ, ಮನೆಯವರು ನೆಚ್ಚಿಕೊಂಡ ಮುಖ್ತ್ಯಾರುಪತ್ರ ಬೇಕಾದ ಹೊತ್ತಿಗೇ ಕೈಕೊಡುತ್ತದೆ. ಆದಕಾರಣ ಬ್ಯಾಂಕು, ಪಿಂಚಣಿ, ಆಸ್ತಿಯ ಮಾತುಗಳನ್ನು ಹಿರಿಯರಿಗೆ ತಿಳಿವಳಿಕೆಯಿರುವಾಗಲೇ, ಅವರೊಡನೆಯೇ, ಮುಚ್ಚುಮರೆಯಿಲ್ಲದೆ ಆಡಿ ಮುಗಿಸಬೇಕು.

ಇನ್ನೊಂದು ಸಂಗತಿಯನ್ನೂ ಮನೆಯವರಿಗೆ ಬಿಡಿಸಿ ಹೇಳಬೇಕಾಗಿದೆ. ಒಂದೆರಡು ದಿನಗಳಲ್ಲಿ ಒಮ್ಮೆಲೇ ಹೆಚ್ಚಿದ ಗೊಂದಲವು ಬಹಳ ಸಲ ಮೂತ್ರದ ಸೋಂಕು, ನೀರಿನಂಶದ ಕೊರತೆ ಅಥವಾ ಹೊಸ ಮಾತ್ರೆಯ ಫಲವಾಗಿರುವುದರಿಂದ, ಅರಳು ಮರಳೆಂದು ಸುಮ್ಮನಿರದೆ ಅಂದೇ ಆಸ್ಪತ್ರೆಗೆ ಕರೆತರಬೇಕು. ಥೈರಾಯ್ಡ್ ಮತ್ತು ಬಿ12 ಪರೀಕ್ಷೆಯಿಲ್ಲದೆ ಯಾರಿಗೂ ಡಿಮೆನ್ಷಿಯಾ ಎಂಬ ಹಣೆಪಟ್ಟಿ ಹಚ್ಚಬಾರದು. ಆರೈಕೆ ಮಾಡುವವರು ತಾವೇ ಸೋತುಹೋದಾಗ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೂ, ಹಿರಿಯರ ವಿಷಯದಲ್ಲಿ ನೆರವು ಬೇಕಾದಾಗ 14567ಕ್ಕೂ ಕರೆ ಮಾಡಬಹುದು.

ಸಭೆಯ ಹಿಂದಿನ ಸಾಲುಗಳಲ್ಲಿ ಕುಳಿತಿರುವ ಮಹಿಳೆಯರು ರಜೆಯ ಆ ಮಾತನ್ನು ನೂರು ಬಗೆಯಲ್ಲಿ ಆಡಿದವರು. ಮಧ್ಯಾಹ್ನದ ಗೋಷ್ಠಿಯಲ್ಲಿ ತಜ್ಞರ ಪ್ರಬಂಧಗಳಿಗಿಂತ ಮೊದಲು ಅವರಿಗೆ ಮಾತನಾಡಲು ಅವಕಾಶ ಕೊಡಬೇಕೆಂದು, ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದಿಟ್ಟುಕೊಳ್ಳಬೇಕೆಂದು ಸಂಘಟಕರಲ್ಲಿ ವಿನಂತಿ.